ಆಕಾಶಕ್ಕೆ ಹೋದ ನೀರಿನ ಲೆಕ್ಕ

ಮೈಸೂರಿನಿಂದ ಹೊರಟು, ನಂಜನಗೂಡು ದಾಟಿ ಗುಂಡ್ಲುಪೇಟೆಯ ದಾರಿ ಹಿಡಿದವರಿಗೆ ಜುಲೈ ತಿಂಗಳಲ್ಲಿ ಕಾಣುವುದು ಹೂವಿನ ಜಾತ್ರೆ. ಹೆದ್ದಾರಿಯ ಬದಿಗೆ ಸೂರ್ಯಕಾಂತಿ, ಅದರಾಚೆ ಚೆಂಡುಹೂ, ಅದರಾಚೆ ಮತ್ತೆ ಸೂರ್ಯಕಾಂತಿ. ಕೇರಳದ ಕಡೆಯಿಂದ ಬಂದ ಕಾರುಗಳು ರಸ್ತೆಯ ಪಕ್ಕ ಸಾಲಾಗಿ ನಿಂತಿರುತ್ತವೆ. ಹೊಲದೊಳಗೆ ಇಳಿದು ಫೋಟೊ ತೆಗೆಸಿಕೊಳ್ಳುವವರೆಷ್ಟು, ಬದುವಿನ ಮೇಲೆ ಕುಳಿತು ತಲೆಗಿಷ್ಟು ಎಂದು ಕಾಸು ಕೇಳುವವರೆಷ್ಟು! ಚೆಂಡುಹೂವಿಗೂ ಬಣ್ಣದ ಕಾರ್ಖಾನೆಗೂ ನಂಟಿದೆ, ಓಣಂ ಹಬ್ಬಕ್ಕೂ ನಂಟಿದೆ. ಆದ್ದರಿಂದ ಆ ಒಂದೆರಡು ತಿಂಗಳು ಇಲ್ಲಿ ಹೂವಿನದ್ದೇ ಮಾತು.

ಎಲ್ಲರ ಕಣ್ಣೂ ಹೂವಿನ ಮೇಲೆ. ಸಾಲು ಸಾಲುಗಳ ನಡುವೆ ಇಣುಕುವ ಮಣ್ಣನ್ನು ಯಾರೂ ನೋಡುವುದಿಲ್ಲ. ಹಿಂದಿನ ಸಂಜೆ ಹದವಾದ ಒಂದು ಮಳೆ ಬಿದ್ದಿದ್ದರೆ ಬೆಳಗಿನಲ್ಲಿ ಆ ಮಣ್ಣು ಕಪ್ಪು ಬೆರೆತ ಕೆಂಪು. ಮಧ್ಯಾಹ್ನಕ್ಕೆ ಇಟ್ಟಿಗೆಯ ಬಣ್ಣ. ಮೂರನೆಯ ದಿನಕ್ಕೆ ಮಾಸಲು ಕೆಂಪು. ಕೈಯಲ್ಲಿ ಹಿಡಿದರೆ ಪುಡಿ. ಅಷ್ಟರಲ್ಲಿ ಎಷ್ಟೋ ನೀರು ಹೋಗಿಬಿಟ್ಟಿರುತ್ತದೆ. ಅದು ಹರಿದು ಹೋದದ್ದಲ್ಲ, ಇಂಗಿ ಹೋದದ್ದೂ ಅಲ್ಲ, ಎದ್ದು ಹೋದದ್ದು. ಹಳ್ಳದಲ್ಲಿ ಹರಿದ ನೀರು ಕಣ್ಣಿಗೆ ಕಾಣುತ್ತದೆ, ಬಾವಿಯ ನೀರನ್ನು ಹಗ್ಗ ಬಿಟ್ಟು ಅಳೆಯಬಹುದು. ಮೇಲಕ್ಕೆ ಹೋದ ನೀರಿಗೆ ಸಾಕ್ಷಿಯೇ ಇಲ್ಲ.

ಆ ಸಾಕ್ಷಿಯನ್ನು ಹುಡುಕುವ ಕೆಲಸ ಇದೇ ಹೂವಿನ ಹೊಲಗಳ ನಡುವೆ ವರ್ಷಗಳಿಂದ ನಡೆದಿದೆ. ಅದಕ್ಕೆ ಆಯ್ಕೆಯಾದ ನೆಲದ ಹೆಸರು ಬೇರಂಬಾಡಿ.

ಮಳೆ ಸವೆಯುವ ಇಳಿಜಾರು

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ನೇರ ಹೋದರೆ ಹಂಗಳ, ಬಂಡೀಪುರ, ಊಟಿ. ಬಲಕ್ಕೆ ಹೊರಳಿದರೆ ಮದ್ದೂರು, ಮೂಲೆಹೊಳೆ, ಅಲ್ಲಿಂದ ಕೇರಳದ ಸುಲ್ತಾನ್ ಬತ್ತೇರಿ. ಎರಡು ದಾರಿಯಲ್ಲೂ ಮುಂದೆ ಹುಲಿಯ ಕಾಡು. 2009ರಿಂದ ರಾತ್ರಿ 9ರ ಮೇಲೆ ಬೆಳಗಿನ 6ರವರೆಗೆ ವಾಹನಗಳಿಗೆ ನಿರ್ಬಂಧ. ಬಲಗಡೆಯ ದಾರಿಯ ಆಸುಪಾಸಿನಲ್ಲಿ, ಕಾಡಿನ ಅಂಚಿನಿಂದ ಪೂರ್ವಕ್ಕೆ ಇಳಿದು ಬರುವ ಸುಮಾರು 84 ಚದರ ಕಿಲೋಮೀಟರಿನ ತಗ್ಗೇ ಬೇರಂಬಾಡಿಯ ಜಲಾನಯನ. ಇಲ್ಲಿ ಬಿದ್ದ ಹನಿ ಹರಿಯುವಷ್ಟಾದರೆ ಗುಂಡ್ಲುಹೊಳೆಗೆ ಸೇರಬೇಕು, ಗುಂಡ್ಲು ನಂಜನಗೂಡಿನಲ್ಲಿ ಕಬಿನಿಗೆ ಸೇರಬೇಕು. ಹರಿಯುವಷ್ಟಾದರೆ ಎಂಬ ಮಾತು ಮುಖ್ಯ. ಆ ಹೊಳೆಯಲ್ಲಿ ಹರಿವು ಕಾಣುವ ದಿನಗಳು ವಿರಳವಾಗಿ ಹೋಗಿವೆ. ಅದೇ ಕಬಿನಿಯ ನೀರನ್ನು ಕೊಳವೆಯಲ್ಲಿ ಎತ್ತಿ ತಂದು ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ ಕಾಲ ಬಂದಿದೆ.

ಪಶ್ಚಿಮದ ವಯನಾಡಿನ ಘಟ್ಟದ ನೆತ್ತಿಯಲ್ಲಿ ಮುಂಗಾರು ಸಾವಿರಾರು ಮಿಲಿಮೀಟರು ಸುರಿದುಬಿಡುತ್ತದೆ. ಮೋಡ ಘಟ್ಟ ಇಳಿದು ಪೂರ್ವಕ್ಕೆ ಬಂದಂತೆಲ್ಲ ಜೋಳಿಗೆ ಖಾಲಿ. ಬೇರಂಬಾಡಿಯ ಪಾಲಿಗೆ ಉಳಿಯುವುದು ವರ್ಷಕ್ಕೆ ಸುಮಾರು 800 ಮಿ.ಮೀ. ದಿಬ್ಬದಲ್ಲಿ ಕೆಮ್ಮಣ್ಣು, ತಗ್ಗಿನಲ್ಲಿ ಕರಿಮಣ್ಣು, ಎರಡರ ಕೆಳಗೂ ಗಟ್ಟಿ ಬಂಡೆ. ಬಂಡೆಯ ಮೇಲಿನ ಕೊಳೆತ ಪದರದಲ್ಲಿ, ಬಿರುಕುಗಳಲ್ಲಿ ಇರುವುದಷ್ಟೇ ಅಂತರ್ಜಲ.

ಕೊಳವೆಬಾವಿ ಮೊದಲು ಬಂದದ್ದು ತಗ್ಗಿನ ಕರಿಮಣ್ಣಿನ ಹೊಲಗಳಿಗೆ. ಮಟ್ಟ ಪಾತಾಳ ಕಂಡದ್ದೂ ಮೊದಲು ಅಲ್ಲಿಯೇ. ಆಮೇಲೆ ಕೊರೆಯುವ ಲಾರಿಗಳು ಮೇಲಿನ ಇಳಿಜಾರಿಗೆ, ಕಾಡಿನ ಅಂಚಿಗೆ ಹತ್ತಿದವು. 10 ಅಶ್ವಶಕ್ತಿಯೊಳಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ 2008ರಿಂದ ವಿದ್ಯುತ್ ಉಚಿತ. ಕರೆಂಟು ಬಂದ ಗಳಿಗೆಯಲ್ಲಿ ಪಂಪು ತಾನೇ ಓಡುವಂತೆ ಸ್ವಯಂಚಾಲಿತ ಸ್ಟಾರ್ಟರ್ ಇಟ್ಟುಕೊಂಡರೆ ರಾತ್ರಿ ಎದ್ದು ಹೋಗುವ ಕಷ್ಟವೂ ಇಲ್ಲ. ಅರಿಶಿನ, ಬಾಳೆ, ಬೀಟ್‌ರೂಟು, ಬೆಳ್ಳುಳ್ಳಿ, ಕಲ್ಲಂಗಡಿ ಎಲ್ಲ ಬಂದವು. ಹಾಗೆ ಎತ್ತಿದ ನೀರಿನಲ್ಲಿ ಎಷ್ಟು ಮರಳಿ ನೆಲಕ್ಕೆ ಇಂಗಿತು, ಎಷ್ಟು ಗಾಳಿಗೆ ಹೋಯಿತು ಎಂಬುದು ಗೊತ್ತಾಗದೆ, ಬಾವಿ ಇನ್ನೆಷ್ಟು ಕಾಲ ಬಾಳುತ್ತದೆ ಎಂದು ಹೇಳುವುದು ಹೇಗೆ? ನೀರು ನಿಂತ ದಿನ ಒಣಬೇಸಾಯಕ್ಕೆ ಮರಳಬೇಕು. ಇಲ್ಲವೇ ಬೆಳಗಿನ ವಾಹನ ಹಿಡಿದು ವಯನಾಡು, ಕೊಡಗಿನ ತೋಟಗಳಿಗೆ ಕೂಲಿಗೆ ಹೋಗಬೇಕು. ಕೊರೆಸಿದ ಸಾಲ ಮಾತ್ರ ಊರಿನಲ್ಲೇ ಉಳಿಯುತ್ತದೆ.

ಮಿಲಿಮೀಟರಿನ ಭಾರ

ಮಿಲಿಮೀಟರು ಎಂದರೆ ಸಾಮಾನ್ಯರಿಗೆ ಬಹಳ ಚಿಕ್ಕ ಮಾತು. ಹೊಲದ ಮೇಲೆ ಹರಡಿದಾಗ ಅದರ ಭಾರ ತಿಳಿಯುತ್ತದೆ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರೆಂದರೆ ನಾಲ್ಕು ಸಾವಿರ ಲೀಟರು. ಬಿಸಿಲಿನ ದಿನ ಒದ್ದೆ ನೆಲ 5 ಮಿ.ಮೀ. ಕಳೆದುಕೊಳ್ಳುವುದು ದೊಡ್ಡ ಸಂಗತಿಯೇನಲ್ಲ. ಅಂದರೆ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಒಂದೆಕರೆಯಿಂದ ಇಪ್ಪತ್ತು ಸಾವಿರ ಲೀಟರು, ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರು, ಸದ್ದಿಲ್ಲದೆ ಮೇಲಕ್ಕೆ ಹೋಗಿರುತ್ತದೆ.

ಇದಕ್ಕೆ ಬೇಕಾದ ಉರಿಯೂ ಸಾಮಾನ್ಯವಲ್ಲ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರು ನೀರನ್ನು ಆವಿ ಮಾಡಬೇಕಾದರೆ ಅಡುಗೆ ಅನಿಲದ ಸುಮಾರು 15 ತುಂಬಿದ ಸಿಲಿಂಡರುಗಳ ಶಾಖ ಬೇಕು. ಸೂರ್ಯ ಆ ಉರಿಯನ್ನು ಬಿಟ್ಟಿಯಾಗಿ ಕೊಡುತ್ತಾನೆ. ಈ ಸೀಮೆಯ ಬಿಸಿಲು, ಗಾಳಿ, ಒಣಹವೆ ಮೂರೂ ಸೇರಿ ವರ್ಷಕ್ಕೆ ಸುಮಾರು 1100 ಮಿ.ಮೀ. ನೀರನ್ನು ಎಳೆಯಬಲ್ಲವು ಎಂದು ಅಂದಾಜು. ಕೊಡುವುದು 800, ಕೇಳುವುದು 1100. ಬೇರಂಬಾಡಿಯ ಆಕಾಶ ಸಾಲ ಕೊಟ್ಟು ಬಡ್ಡಿಗೆ ಬಂದು ನಿಲ್ಲುವ ಸಾಹುಕಾರನ ಹಾಗೆ.

ಆದರೆ ನೆಲವೂ ಕೇಳಿದಷ್ಟನ್ನು ಕೊಟ್ಟುಬಿಡುವ ದಡ್ಡನಲ್ಲ. ಮಳೆ ಬಿದ್ದ ಮೊದಲ ದಿನ, ಎರಡನೆಯ ದಿನ, ಮೇಲ್ಮಣ್ಣು ಒದ್ದೆಯಿರುವ ತನಕ, ಬಿಸಿಲು ಕೇಳಿದಷ್ಟು ನೀರು ಹೋಗುತ್ತದೆ. ಮರಳು ಮಣ್ಣಾದರೆ ಮೊದಲ ಎರಡರಿಂದ ಏಳು ಮಿಲಿಮೀಟರು ಹೀಗೆ ಹೋಗುತ್ತದೆ. ಜಿಗಟು ಮಣ್ಣಾದರೆ ಎಂಟರಿಂದ ಹನ್ನೆರಡು. ಆಮೇಲೆ ಮೇಲೊಂದು ಒಣ ಪದರ ಕಟ್ಟಿಕೊಳ್ಳುತ್ತದೆ. ಕೆಳಗಿನ ತೇವ ಆ ಪದರವನ್ನು ದಾಟಿ ಬರಬೇಕು. ಬಿಸಿಲು ಎಷ್ಟೇ ಇರಲಿ, ಹೊರಡುವ ನೀರು ದಿನದಿಂದ ದಿನಕ್ಕೆ ಕಡಿಮೆ. ಮೊದಲ ಘಟ್ಟದಲ್ಲಿ ಯಜಮಾನ ಸೂರ್ಯ, ಎರಡನೆಯ ಘಟ್ಟದಲ್ಲಿ ಯಜಮಾನ ಮಣ್ಣು. ಈ ಆಟವೆಲ್ಲ ನಡೆಯುವುದು ಮೇಲಿನ ಹತ್ತು ಹದಿನೈದು ಸೆಂಟಿಮೀಟರಿನಲ್ಲಿ, ಅಂದರೆ ಒಂದು ಗೇಣಿನೊಳಗೆ.

ಇದನ್ನು ಕುಂಟೆ ಹೊಡೆಯುವ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ನಿಂತು ಹದ ಬಂದ ಕೂಡಲೇ ಸಾಲಿನ ನಡುವೆ ಎಡೆಕುಂಟೆ ಹಾಯಿಸುತ್ತಾನೆ. ಕಳೆ ಸಾಯುವುದು ಒಂದು ಲಾಭ. ಮೇಲಿನ ಮಣ್ಣು ಪುಡಿಯಾಗಿ ಕೆಳಗಿನ ತೇವಕ್ಕೆ ಮುಚ್ಚಳವಾಗುವುದು ಎರಡನೆಯ ಲಾಭ. ಅರಿಶಿನದ ಪಾತಿಗೆ ಸೊಪ್ಪು ಸದೆ ಹೊದಿಸುವುದೂ ಅದೇ ಲೆಕ್ಕದಲ್ಲಿ. ಎಲೆಯ ಮೂಲಕ ಹೋದ ನೀರು ಕಾಳೋ ಗೆಡ್ಡೆಯೋ ಆಗಿ ಏನನ್ನಾದರೂ ಬಿಟ್ಟುಹೋಗುತ್ತದೆ. ಬರಿಮಣ್ಣಿನಿಂದ ಎದ್ದುಹೋದ ನೀರು ಏನನ್ನೂ ಬಿಟ್ಟುಹೋಗುವುದಿಲ್ಲ.

ಹುಲ್ಲಿನ ಬಾಯಾರಿಕೆ

ಕಾಣದ್ದನ್ನು ಅಳೆಯಲು ಮನುಷ್ಯ ಮೊದಲು ಇಟ್ಟದ್ದು ಒಂದು ಬಾನಿ. ಹವಾಮಾನ ಕೇಂದ್ರಗಳಲ್ಲಿ ಮರದ ಚೌಕಟ್ಟಿನ ಮೇಲೆ ಕೂರಿಸಿದ, ನಾಲ್ಕಡಿ ಅಗಲದ, ಗೇಣಾಳದ ಲೋಹದ ಬಾನಿಯನ್ನು ಈಗಲೂ ಕಾಣಬಹುದು. ಕಾಗೆ, ನಾಯಿ ಕುಡಿಯದಂತೆ ಮೇಲೆ ಬಲೆ. ನಿನ್ನೆಗಿಂತ ಇಂದು ನೀರು ಎಷ್ಟು ಇಳಿದಿದೆ ಎಂದು ದಿನವೂ ಬೆಳಿಗ್ಗೆ ನೋಡಿ ಬರೆಯುವುದು. ಸರಳ ಉಪಾಯ. ಆದರೆ ಬಾನಿ ಎಂದೂ ಬತ್ತದು, ಹೊಲ ಬತ್ತುತ್ತದೆ. ಬಿಸಿಲಿಗೆ ಬಾನಿಯ ಲೋಹ ಕಾಯುತ್ತದೆ, ಮಣ್ಣು ಕಾಯುವ ರೀತಿಯೇ ಬೇರೆ. ಹಾಗಾಗಿ ಬಾನಿ ಹೇಳುವುದು ಆಕಾಶದ ಹಸಿವನ್ನು, ನೆಲ ಬಡಿಸಿದ್ದನ್ನಲ್ಲ.

1948ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊವರ್ಡ್ ಪೆನ್‌ಮನ್ ಒಂದು ಸೂತ್ರ ಕೊಟ್ಟರು. ಬಿಸಿಲೆಷ್ಟು, ಗಾಳಿಯ ವೇಗವೆಷ್ಟು, ಹವೆಯ ಉಷ್ಣತೆ ಮತ್ತು ತೇವವೆಷ್ಟು ಎಂಬ ನಾಲ್ಕು ಸಂಗತಿ ತಿಳಿದರೆ ನೀರಿನ ಮೇಲಿಂದ, ಬರಿಮಣ್ಣಿನಿಂದ, ಹುಲ್ಲಿನಿಂದ ಎಷ್ಟು ಆವಿ ಏಳುತ್ತದೆಂದು ಕೂಡಿ ಕಳೆದು ಹೇಳಬಹುದು ಎಂದು ತೋರಿಸಿದರು. 1965ರಲ್ಲಿ ಜಾನ್ ಮಾಂಟೀತ್ ಅದಕ್ಕೆ ಎಲೆಯ ರಂಧ್ರಗಳ ಬಿಗಿಯನ್ನು ಸೇರಿಸಿದರು. 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನೇ ಎಲ್ಲ ದೇಶಗಳಿಗೂ ಒಂದು ಪದ್ಧತಿಯಾಗಿ ಮಾಡಿಕೊಟ್ಟಿತು. 12 ಸೆಂ.ಮೀ. ಎತ್ತರದ, ಬಾಯಾರಿಕೆಯಿಲ್ಲದ, ಹಸಿರು ಹುಲ್ಲಿನ ಬಯಲೊಂದನ್ನು ಊಹಿಸಿಕೊಳ್ಳಬೇಕು. ಇವತ್ತಿನ ಹವೆಯಲ್ಲಿ ಆ ಹುಲ್ಲು ಎಷ್ಟು ನೀರು ಬಿಡುತ್ತಿತ್ತು ಎಂಬುದೇ ಅಳತೆಗೋಲು. ಅರಿಶಿನಕ್ಕೆ, ಸೂರ್ಯಕಾಂತಿಗೆ, ಬರಿನೆಲಕ್ಕೆ ಬೇರೆ ಬೇರೆ ಗುಣಕ ಹಾಕಿ ಗುಣಿಸುವುದು.

ಬೇರಂಬಾಡಿಗೆ ಈ ಸೂತ್ರ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಜೊತೆಗೆ. ಫ್ರಾನ್ಸಿನ ಸಂಶೋಧಕರೊಂದಿಗೆ ಕೂಡಿ ಅಲ್ಲಿ ನಡೆಯುತ್ತಿರುವ ಇಂಡೋ–ಫ್ರೆಂಚ್ ಜಲವಿಜ್ಞಾನ ಘಟಕ ಮೊದಲು ಮೂಲೆಹೊಳೆಯ ಕಾಡಿನಲ್ಲಿ, ಆಮೇಲೆ ಬೇರಂಬಾಡಿಯ ಹೊಲಗಳಲ್ಲಿ ನೀರಿನ ಜಾಡು ಹಿಡಿಯಿತು. ಮಳೆಮಾಪಕ, ಹವಾಮಾನ ಕೇಂದ್ರ, ಬಾವಿಗಳ ಮಟ್ಟ, ಮಣ್ಣಿನ ತೇವ ಹೀಗೆ ಒಂದೊಂದಾಗಿ ದಾಖಲೆ ಬೆಳೆಯಿತು. ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 2016ರ ಮುಂಗಾರಿನ ಸುತ್ತ ನಡೆಸಿದ ಜಂಟಿ ಅಧ್ಯಯನಕ್ಕಾಗಿ ಧಾರವಾಡ, ಕಾನ್ಪುರಗಳ ಹಾಗೆ ಇಲ್ಲಿಯೂ ಒಂದು ಗೋಪುರ ನಿಂತಿತು. ಅದರ ಮೇಲಿನ ಉಪಕರಣ ಗಾಳಿಯ ಒಂದೊಂದು ಸುಳಿಯನ್ನೂ ಸೆಕೆಂಡಿಗೆ ಹತ್ತಾರು ಬಾರಿ ಅಳೆಯುವಂಥದು. ಮೇಲೆ ಹೋಗುವ ಸುಳಿಯಲ್ಲಿ ತೇವವೆಷ್ಟು, ಕೆಳಗೆ ಬರುವ ಸುಳಿಯಲ್ಲಿ ಎಷ್ಟು? ಎರಡರ ವ್ಯತ್ಯಾಸವೇ ನೆಲದಿಂದ ಹೊರಟ ಆವಿ.

ಇನ್ನೊಂದು ಉಪಕರಣ ಮತ್ತೂ ಸೋಜಿಗದ್ದು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನೆಲಕ್ಕೆ ಬಡಿದಾಗ ನ್ಯೂಟ್ರಾನುಗಳು ಚಿಮ್ಮುತ್ತವೆ. ನೀರಿನಲ್ಲಿರುವ ಜಲಜನಕ ಅವುಗಳ ಓಟವನ್ನು ತಗ್ಗಿಸುತ್ತದೆ. ಆದ್ದರಿಂದ ಮಣ್ಣು ಒದ್ದೆಯಾದಷ್ಟೂ ಮೇಲೆ ಎಣಿಕೆಗೆ ಸಿಗುವ ವೇಗದ ನ್ಯೂಟ್ರಾನುಗಳು ಕಡಿಮೆ. ಹೊಲದ ನಡುವೆ ಸುಮ್ಮನೆ ನಿಂತಿರುವ ಆ ಪೆಟ್ಟಿಗೆ ಸುತ್ತಲಿನ ಸುಮಾರು ಇನ್ನೂರು ಮೀಟರಿನ ತೇವವನ್ನು ಮಣ್ಣು ಮುಟ್ಟದೆಯೇ ಹೇಳುತ್ತದೆ.

ಮೇಲಿನ ಕಣ್ಣು

ಆದರೂ ಗೋಪುರ ಕಾಣುವುದು ತನ್ನ ಸುತ್ತಲ ಹೊಲವನ್ನು ಮಾತ್ರ. 84 ಚದರ ಕಿಲೋಮೀಟರಿನಲ್ಲಿ ಸಾವಿರಾರು ತುಂಡು ಹೊಲಗಳು. ಒಂದರಲ್ಲಿ ಬಾಳೆ, ಪಕ್ಕದಲ್ಲಿ ಹುರುಳಿ, ಅದರ ಪಕ್ಕ ಉತ್ತು ಬಿಟ್ಟ ಬರಿನೆಲ. ಎಲ್ಲಕ್ಕೂ ಗೋಪುರ ನಿಲ್ಲಿಸಲು ಯಾರಿಂದ ಸಾಧ್ಯ? ಉಪಗ್ರಹಕ್ಕೆ ಕೆಲಸ ಬರುವುದು ಇಲ್ಲಿ.

ಉಪಗ್ರಹ ಆವಿಯನ್ನು ಕಾಣುವುದಿಲ್ಲ. ಕಾಣುವುದು ನೆಲದ ಕಾವನ್ನು. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರನ್ನು ತಂಪಾಗಿಡುವ ಗುಟ್ಟು ಮನೆಮನೆಗೂ ಗೊತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಹೊಲವೂ ಹಾಗೆಯೇ. ಒದ್ದೆ ಹೊಲ ಬೆವರಿ ತಣ್ಣಗಿರುತ್ತದೆ, ಒಣ ಹೊಲ ಕಾದ ಹಂಚು. ನೆಲಕ್ಕೆ ಬಂದ ಬಿಸಿಲಿನ ಶಕ್ತಿಯಲ್ಲಿ ಮಣ್ಣನ್ನು ಕಾಯಿಸಲು ಹೋದದ್ದು, ಗಾಳಿಯನ್ನು ಕಾಯಿಸಲು ಹೋದದ್ದು ಎರಡನ್ನೂ ಕಳೆದರೆ ಉಳಿಯುವುದು ನೀರನ್ನು ಆವಿ ಮಾಡಲು ಹೋದದ್ದು. ಮನೆಯ ಜಮಾಖರ್ಚಿನ ಪುಸ್ತಕದ ಹಾಗೆ, ಎಲ್ಲ ಖರ್ಚು ಬರೆದು ಕೂಡಿಸಿ, ಕಾಣದ ಒಂದು ಖರ್ಚನ್ನು ಕಳೆದು ತೆಗೆಯುವ ಉಪಾಯ ಇದು.

ನೆದರ್ಲೆಂಡ್ಸಿನ ವಿಮ್ ಬಾಸ್ಟಿಯಾನ್ಸೆನ್ ಮತ್ತು ಸಂಗಡಿಗರು 1998ರಲ್ಲಿ ಇದನ್ನೊಂದು ಕ್ರಮಕ್ಕೆ ತಂದರು. ಅವರ ಜಾಣ್ಮೆಯೆಂದರೆ ಒಂದೇ ಚಿತ್ರದಲ್ಲಿ ಎರಡು ಚುಕ್ಕಿಗಳನ್ನು ಆರಿಸಿಕೊಂಡದ್ದು. ಅತ್ಯಂತ ಬಿಸಿಯಾದ ಒಣನೆಲ ಒಂದು. ಅಲ್ಲಿ ಆವಿ ಸೊನ್ನೆ ಎಂದು ಹಿಡಿಯುವುದು. ಚೆನ್ನಾಗಿ ನೀರುಂಡ ಅತ್ಯಂತ ತಣ್ಣನೆಯ ಹೊಲ ಇನ್ನೊಂದು. ಅಲ್ಲಿ ಆವಿ ಪೂರ್ಣ ಎಂದು ಹಿಡಿಯುವುದು. ಉಳಿದ ಎಲ್ಲ ಹೊಲಗಳೂ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ. ಜೊತೆಗೆ ಹವಾಮಾನ ಕೇಂದ್ರದ ಗಾಳಿ ಬಿಸಿಲಿನ ಲೆಕ್ಕ ಇರಲೇಬೇಕು. ಉಪಗ್ರಹ ನೋಡುವುದು ಬೆಳಗಿನ ಹತ್ತು ಗಂಟೆಯ ಸುಮಾರಿನ ಒಂದು ಕ್ಷಣವನ್ನು. ಆ ಕ್ಷಣವನ್ನು ಇಡೀ ದಿನಕ್ಕೆ ಹಿಗ್ಗಿಸುವುದು ಹವಾಮಾನದ ಅಂಕಿಗಳು.

705 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ 16 ದಿನಕ್ಕೊಮ್ಮೆ ಒಂದು ಊರಿನ ಮೇಲೆ ಮರಳಿ ಬರುತ್ತದೆ. 2013ರಲ್ಲಿ ಹಾರಿದ ಎಂಟನೆಯದು, 2021ರಲ್ಲಿ ಹಾರಿದ ಒಂಬತ್ತನೆಯದು ಎರಡೂ ಸೇರಿದರೆ 8 ದಿನಕ್ಕೊಮ್ಮೆ. ಕಾವನ್ನು ಅಳೆಯುವ ಅವುಗಳ ಕಣ್ಣಿಗೆ ಒಂದು ಚುಕ್ಕಿಯೆಂದರೆ 100 ಮೀಟರು ಉದ್ದ, 100 ಮೀಟರು ಅಗಲ. ಅಂದರೆ ಎರಡೂವರೆ ಎಕರೆ. ಒಂದೆಕರೆಯ ಬಾಳೆ, ಅರ್ಧ ಎಕರೆಯ ಬೀಟ್‌ರೂಟು, ಉಳಿದ ಒಣಭೂಮಿ ಎಲ್ಲ ಕಲಸಿ ಒಂದೇ ಬಣ್ಣ. ಭಾರತದ ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತವೆ, ಆದರೆ ಅವುಗಳ ಕಾವಿನ ಚುಕ್ಕಿ 4 ಕಿಲೋಮೀಟರು ಅಗಲ. ಹತ್ತಿರದಿಂದ ನೋಡುವವನಿಗೆ ಪುರುಸೊತ್ತಿಲ್ಲ, ಪುರುಸೊತ್ತಿರುವವನು ದೂರದಲ್ಲಿದ್ದಾನೆ.

ಇನ್ನು ಮೋಡ. ಮಳೆಗಾಲದಲ್ಲಿ ಮಣ್ಣು ಅತ್ಯಂತ ಹೆಚ್ಚು ಬೆವರುವ ದಿನಗಳಲ್ಲೇ ಆಕಾಶಕ್ಕೆ ಪರದೆ ಬಿದ್ದಿರುತ್ತದೆ. ಕಾವನ್ನು ನೋಡುವ ಕಣ್ಣು ಆಗ ಕುರುಡು. ಅದಕ್ಕೇ ರೇಡಾರ್ ಉಪಗ್ರಹಗಳು ಬೇಕಾದವು. ಇಸ್ರೊ 2012ರಲ್ಲಿ ಹಾರಿಸಿದ ರಿಸ್ಯಾಟ್–1, ಯುರೋಪಿನವರು 2014ರಲ್ಲಿ ಹಾರಿಸಿದ ಸೆಂಟಿನೆಲ್–1, ಭಾರತ ಮತ್ತು ಅಮೆರಿಕ ಕೂಡಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಿದ ನಿಸಾರ್ ಇವೆಲ್ಲ ಆ ಜಾತಿಯವು. ಇವು ತಾವೇ ಅಲೆಗಳನ್ನು ಕಳುಹಿಸಿ, ನೆಲಕ್ಕೆ ತಾಗಿ ಮರಳಿದ್ದನ್ನು ಕೇಳಿಸಿಕೊಳ್ಳುತ್ತವೆ. ಹಗಲು ರಾತ್ರಿ, ಮೋಡ ಮಳೆ ಎಂಬ ಭೇದವಿಲ್ಲ. ಒದ್ದೆ ಮಣ್ಣಿನ ಮಾರ್ದನಿ ಬೇರೆ, ಒಣ ಮಣ್ಣಿನದು ಬೇರೆ. ಅವು ತಿಳಿಸುವುದು ಮೇಲಿನ ನಾಲ್ಕೈದು ಸೆಂಟಿಮೀಟರಿನ ತೇವವನ್ನು ಮಾತ್ರ. ಆದರೆ ಬರಿಮಣ್ಣಿನ ಆವಿಯ ಅಂದಾಜಿಗೆ ಬೇಕಾದದ್ದು ಬಹುಪಾಲು ಆ ಮೇಲ್ಪದರದ ಸುದ್ದಿಯೇ. ಸೂರ್ಯನ ಯಜಮಾನಿಕೆ ಮುಗಿದು ಮಣ್ಣಿನ ಯಜಮಾನಿಕೆ ಎಂದು ಶುರುವಾಯಿತು ಎಂಬುದನ್ನು ಹೇಳುವುದು ಅದೇ ಪದರ.

ಮೊಣಕಾಲೂರಿದ ವಿಜ್ಞಾನ

ರೇಡಾರಿಗೂ ಮರುಳಾಗುವ ಸ್ವಭಾವವಿದೆ. ಆಗ ತಾನೇ ಉತ್ತ ಹೆಂಟೆಯ ನೆಲ, ದಟ್ಟವಾಗಿ ಬೆಳೆದ ಸೂರ್ಯಕಾಂತಿ ಇವು ಅಲೆಯನ್ನು ಚೆದುರಿಸಿ, ತೇವವಿಲ್ಲದಿದ್ದರೂ ಇದೆಯೆನಿಸುತ್ತವೆ. ನಿಜ ಯಾವುದು ಎಂದು ತಿಳಿಯಲು ಒಂದೇ ದಾರಿ. ಉಪಗ್ರಹ ತಲೆಯ ಮೇಲೆ ಹಾಯುವ ದಿನವೇ ಹೊಲಕ್ಕಿಳಿದು ಮಣ್ಣನ್ನು ಮುಟ್ಟಬೇಕು.

ಬೇರಂಬಾಡಿಯ ಹೆಸರು ದೂರಸಂವೇದಿ ವಿಜ್ಞಾನಿಗಳ ಬಾಯಲ್ಲಿ ಓಡಾಡುವುದು ಈ ಕಾರಣಕ್ಕೆ. ಇಲ್ಲಿ ಸುಮಾರು ಐವತ್ತು ಹೊಲಗಳನ್ನು ಗುರುತು ಮಾಡಿಕೊಂಡು, ಉಪಗ್ರಹ ಹಾಯುವ ದಿನಗಳಂದು ಒಂದೊಂದಕ್ಕೂ ಹೋಗಿ ತೇವ ಅಳೆಯಲಾಯಿತು. ಮುಳ್ಳುಚಮಚದ ಹಾಗಿರುವ ಉಪಕರಣದ ಮೊನೆಗಳನ್ನು ಮಣ್ಣಿಗೆ ಒತ್ತುವುದು, ಅಂಕಿ ಬರೆದುಕೊಳ್ಳುವುದು, ನಾಲ್ಕು ಹೆಜ್ಜೆ ಆಚೆ ಮತ್ತೆ ಒತ್ತುವುದು. ಉಪಕರಣದ ಮೇಲೂ ಪೂರ್ತಿ ನಂಬಿಕೆಯಿಲ್ಲ. ಆದ್ದರಿಂದ ಮಣ್ಣಿನ ಮಾದರಿ ತೂಗಿ, 105 ಡಿಗ್ರಿ ಒಲೆಯಲ್ಲಿ ಒಂದು ದಿನವಿಟ್ಟು ಒಣಗಿಸಿ, ಮತ್ತೆ ತೂಗಿ ತಾಳೆ ನೋಡುವ ಹಳೆಯ ಪದ್ಧತಿ ಇನ್ನೂ ಬದುಕಿದೆ. ಮಣ್ಣಿನ ತೇವಕ್ಕೆಂದೇ ಅಮೆರಿಕ 2015ರ ಜನವರಿಯಲ್ಲಿ ಹಾರಿಸಿದ ಸ್ಮ್ಯಾಪ್ ಉಪಗ್ರಹದ ಮೂಲ ಚೌಕ 36 ಕಿಲೋಮೀಟರು ಅಗಲ. ಹನಿ ನೀರಾವರಿಯ ಬಾಳೆಯೂ ಮಳೆಗೆ ಕಾದ ಹುರುಳಿಯೂ ಅದರೊಳಗೆ ಒಂದೇ ಅಂಕಿ. ಅಷ್ಟು ದೊಡ್ಡ ಚೌಕಕ್ಕೆ ಅರ್ಥ ಬರಬೇಕಾದರೆ ಅದರೊಳಗೆ ಎಲ್ಲೋ ಯಾರೋ ಮೊಣಕಾಲೂರಿ ಕುಳಿತಿರಬೇಕು.

ಕಾಡಿನ ಜಮಾಖರ್ಚು

ಮದ್ದೂರು ತನಿಖಾ ಠಾಣೆ ದಾಟಿದರೆ ಹೊಲ ಮುಗಿದು ಎಲೆ ಉದುರುವ ಕಾಡು. ಮೂಲೆಹೊಳೆಯ ಬಳಿ 4.1 ಚದರ ಕಿಲೋಮೀಟರಿನ ಒಂದು ಪುಟ್ಟ ಹಳ್ಳದ ತಗ್ಗನ್ನು ವಿಜ್ಞಾನಿಗಳು ಹೋಲಿಕೆಗೆಂದು ಇಟ್ಟುಕೊಂಡಿದ್ದಾರೆ. ಅಲ್ಲಿ ಪಂಪಿಲ್ಲ, ನೇಗಿಲಿಲ್ಲ. ಮಳೆ ಬೇರಂಬಾಡಿಗಿಂತ ಹೆಚ್ಚು. ಆದರೂ ಬಿದ್ದ ಮಳೆಯ ಬಹುಪಾಲು ಮರಳಿ ಗಾಳಿಗೇ ಹೋಗುತ್ತದೆ. ಹಳ್ಳಕ್ಕೆ ಮತ್ತು ಆಳದ ಅಂತರ್ಜಲಕ್ಕೆ ಸಿಗುವುದು ಚಿಕ್ಕ ಪಾಲು. ಮರಗಳ ಬೇರು ಮಣ್ಣನ್ನು ದಾಟಿ, ಕೊಳೆತ ಬಂಡೆಯ ಪದರಕ್ಕಿಳಿದು, ಒಳ್ಳೆಯ ವರ್ಷದಲ್ಲಿ ಕೂಡಿಟ್ಟ ತೇವವನ್ನು ಕೆಟ್ಟ ವರ್ಷದಲ್ಲಿ ತೆಗೆದು ಬಳಸುತ್ತದೆ.

ಕಾಡೂ ನೀರನ್ನು ಆಕಾಶಕ್ಕೆ ಬಿಡುತ್ತದೆ, ಹೊಲವೂ ಬಿಡುತ್ತದೆ. ವ್ಯತ್ಯಾಸ ಇಷ್ಟೆ: ಕಾಡು ಬಿಡುವುದು ಮಳೆ ತಂದುಕೊಟ್ಟ ನೀರನ್ನು. ನೀರಾವರಿಯ ಹೊಲ ಅದರ ಮೇಲೆ, ಕೊಳವೆಬಾವಿ ಎತ್ತಿಕೊಟ್ಟ ಹಳೆಯ ಉಳಿತಾಯವನ್ನೂ ಬಿಡುತ್ತದೆ.

ಉಳಿದದ್ದೆಷ್ಟು?

ಮೇಲಿನ ಕಣ್ಣು, ಕೆಳಗಿನ ಕೈ ಎರಡೂ ಸೇರಿ ಕೊಡುವ ಅಂಕಿಯಾದರೂ ನಿಖರವಲ್ಲ; ಹತ್ತರಲ್ಲಿ ಒಂದೆರಡು ಪಾಲು ಆಚೀಚೆ ಹೋಗುವುದುಂಟು. ಎಲೆಯಿಂದ ಹೋದದ್ದೆಷ್ಟು, ಬರಿಮಣ್ಣಿನಿಂದ ಹೋದದ್ದೆಷ್ಟು ಎಂದು ಬಿಡಿಸುವುದು ಇನ್ನೂ ಕಷ್ಟ. ಹಸಿರು ಎಷ್ಟು ನೆಲವನ್ನು ಮುಚ್ಚಿದೆ ಎಂದು ಚಿತ್ರದಲ್ಲಿ ನೋಡಿ ಪಾಲು ಹಂಚಬೇಕು. ಮೇ ತಿಂಗಳಲ್ಲಿ ನೆಟ್ಟ ಅರಿಶಿನ ಎಲೆ ಬಿಡುವ ತನಕ ಹಾಯಿಸಿದ ನೀರಿನ ಹೆಚ್ಚು ಪಾಲು ಬರಿಮಣ್ಣಿನದು. ಎಲೆ ಕೂಡಿಕೊಂಡ ಮೇಲೆ ಹೆಚ್ಚು ಪಾಲು ಬೆಳೆಯದು.

ಹನಿ ನೀರಾವರಿ ಈ ಮೊದಲ ನಷ್ಟವನ್ನು ತಗ್ಗಿಸುತ್ತದೆ. ಬುಡ ಮಾತ್ರ ಒದ್ದೆ, ಸಾಲಿನ ನಡುವೆ ಒಣ. ಪಂಪು ಓಡುವ ಗಂಟೆ ಕಡಿಮೆಯಾದರೆ ನೀರು ಉಳಿಯಿತು ಎಂಬುದು ಎಲ್ಲರ ಲೆಕ್ಕ. ಆದರೆ ಉಳಿದ ನೀರಿಗೆ ರೈತ ಇನ್ನೊಂದು ಎಕರೆ ಬಾಳೆ ಹಾಕಿದರೆ? ಮೊದಲು ಬದುವಿನಾಚೆ ಇಂಗಿ ಬಾವಿಗೆ ಮರಳುತ್ತಿದ್ದ ನೀರೂ ಈಗ ಹೊಸ ಬೆಳೆಯ ಎಲೆಯಿಂದ ಆಕಾಶಕ್ಕೆ. ರೈತನ ಆದಾಯ ಹೆಚ್ಚಿತು, ಒಳ್ಳೆಯದೇ ಆಯಿತು. ಅಂತರ್ಜಲದ ಖಾತೆಗೆ ಮಾತ್ರ ಒಂದು ಹನಿಯೂ ಜಮೆಯಾಗಲಿಲ್ಲ. ಕೊಳವೆಯ ಗಾತ್ರ, ಪಂಪಿನ ಗಂಟೆ, ಸಹಾಯಧನದ ಪಟ್ಟಿ ಇವು ಯಾವುವೂ ಈ ಸಂಗತಿಯನ್ನು ಹೇಳುವುದಿಲ್ಲ. ಮೇಲಕ್ಕೆ ಹೋದದ್ದೆಷ್ಟು ಎಂಬ ಅಂದಾಜು ಮಾತ್ರ ಹೇಳುತ್ತದೆ. ಎಂಬತ್ತು ಚದರ ಕಿಲೋಮೀಟರಿನ ಹಳ್ಳಿಗಳು ಕೂಡಿ ಕುಳಿತು, ಈ ವರ್ಷ ಎಷ್ಟು ಎಕರೆಗೆ ನೀರು ಎಂದು ತೀರ್ಮಾನಿಸುವ ದಿನವೊಂದು ಬರುವುದಾದರೆ, ಆ ಪಂಚಾಯಿತಿಯ ಕಟ್ಟೆಯ ಮೇಲೆ ಇರಬೇಕಾದ ಕಾಗದ ಅದು.

ಹಂಗಳದ ಕಡೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿಯಿದೆ. ಗುಂಡ್ಲುಪೇಟೆಯಿಂದ ಸುಮಾರು 20 ಕಿಲೋಮೀಟರು. ಖಾಸಗಿ ವಾಹನಗಳನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. 1454 ಮೀಟರು ಎತ್ತರದ ನೆತ್ತಿಯಲ್ಲಿ ದೇವಸ್ಥಾನ, ಅದರ ಸುತ್ತ ಸದಾ ಸುಳಿದಾಡುವ ಮಂಜು. ಮಂಜು ಹರಿದ ಗಳಿಗೆಯಲ್ಲಿ ಕೆಳಗೆ ನೋಡಿದರೆ ಬಯಲು ಚೌಕ ಚೌಕವಾಗಿ ಹರಡಿಕೊಂಡಿರುತ್ತದೆ: ಹಳದಿ, ಕಿತ್ತಳೆ, ಹಸಿರು, ನಡುನಡುವೆ ಕೆಂಪು. ಉಪಗ್ರಹಕ್ಕೆ ಕಾಣುವುದೂ ಹೆಚ್ಚು ಕಡಿಮೆ ಹೀಗೆಯೇ. ಯಾವ ಚೌಕ ಒದ್ದೆ, ಯಾವುದು ಒಣ, ಯಾರ ಬಾವಿಯಲ್ಲಿ ನೀರಿದೆ, ಯಾರದು ನಿಂತಿದೆ ಎಂಬುದು ಅಲ್ಲಿಂದ ಬರಿಗಣ್ಣಿಗೆ ತಿಳಿಯುವುದಿಲ್ಲ.

ಅದಕ್ಕೆ ಬೆಟ್ಟ ಇಳಿದು ಬರಬೇಕು. ಜುಲೈಯಲ್ಲಿ ಹೂ ನೋಡಲು ಹೋಗುವವರು ಫೋಟೊ ತೆಗೆದಾದ ಮೇಲೆ, ಹೊಲದವರನ್ನು ಕೇಳಿ, ಸಾಲಿನ ನಡುವೆ ಒಮ್ಮೆ ಬಗ್ಗಿ ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಬಹುದು. ಮೇಲೆ ಬೆಚ್ಚಗಿನ ಪುಡಿ. ಕೆಳಗೆ, ಮೊನ್ನೆಯ ಮಳೆ ಒಳ್ಳೆಯದಾಗಿದ್ದರೆ, ತಣ್ಣನೆಯ ಹಸಿ. ಇಷ್ಟನ್ನು ತಿಳಿಯಲು ರೈತನಿಗೆ ಯಾವ ಉಪಗ್ರಹವೂ ಬೇಡ. ಆದರೆ ಆ ಹಸಿ ಇನ್ನೆಷ್ಟು ದಿನ, ಪಕ್ಕದ ಹೊಲಕ್ಕೂ ಅದರಾಚೆಯ ಹೊಲಕ್ಕೂ ಸೇರಿ ಎಷ್ಟು ದಿನ ಎಂಬ ಪ್ರಶ್ನೆಗೆ ಅವನ ಬೆರಳಿನ ಜೊತೆಗೆ ಮೇಲಿನ ಆ ಕಣ್ಣೂ ಬೇಕಾಗಿದೆ.